ಹೆಸರು ಬರೆದುಕೊಳ್ಳದ ಸಭೆ

ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ಕನ್ನಡಿ ಇರುತ್ತಿತ್ತು. ಒಂದು ಮೂಲೆ ಒಡೆದದ್ದು. ಹಳೇಬೀಡಿನ ಗುಡಿಯ ಬಾಗಿಲಲ್ಲಿ ನಿಂತು ಬಿಸಿಲನ್ನು ಆ ಕನ್ನಡಿಯಲ್ಲಿ ಹಿಡಿದು ಒಳಗಿನ ಕತ್ತಲೆಗೆ ಬಿಟ್ಟರೆ, ಚಾವಣಿಯಲ್ಲಿದ್ದ ಗೇಣುದ್ದದ ನರ್ತಕಿಯ ಕಾಲಿನ ಗೆಜ್ಜೆಯೂ ಎಣಿಸುವಂತೆ ಕಾಣುತ್ತಿತ್ತು. ಬೆರಳು ಮಾಡಿ ತೋರಿಸುವುದು ಅವರಿಗೆ ಆಗದು. “ಕಲ್ಲಿಗಾದ್ರೂ ಬೆರಳು ಮಾಡಬಾರ್ದು ಟೀಚರಮ್ಮ, ಅಭ್ಯಾಸ ಆಗೋಯ್ತದೆ” ಎನ್ನುತ್ತಿದ್ದರು.

ಊರಿಗೆಲ್ಲ ಅವರು ಗೈಡಣ್ಣ. ಪ್ರವಾಸಿಗಳಿಗೆ ಮುಖ ಮಾಡಿಕೊಂಡು ಹಿಂದಹಿಂದಕ್ಕೆ ನಡೆದೂ ನಡೆದೂ, ರಸ್ತೆಯಲ್ಲಿ ನಮ್ಮೊಡನೆ ಮಾತಾಡುವಾಗಲೂ ಹಾಗೆಯೇ ನಡೆಯುತ್ತಿದ್ದರು. ಒಮ್ಮೆ ಎಮ್ಮೆಗೆ ಡಿಕ್ಕಿ ಹೊಡೆದು, ಅದಕ್ಕೂ “ಸಾರಿ ಮೇಡಂ” ಎಂದರಂತೆ. ಇಂಗ್ಲಿಷು, ಹಿಂದಿ, ಬಂಗಾಳಿ ಎಲ್ಲವನ್ನೂ ಬಂದವರ ಬಾಯಿಂದಲೇ ಕಲಿತಿದ್ದರು. ನಾನು ಕಾನ್ವೆಂಟಿನಲ್ಲಿ ನನ್‌ಗಳ ಕೈಕೆಳಗೆ ಓದಿ, ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವಳು. ಅವರ ಗ್ರಾಮರ್ ಕೇಳಿ ಒಳಗೊಳಗೇ ನಗುತ್ತಿದ್ದೆ, ಐ ಮಸ್ಟ್ ಕನ್ಫೆಸ್.

ಸಭೆ ಶುರುವಾದದ್ದು ಒಂದು ಟೀ ಅಂಗಡಿಯಿಂದ. ಅಲ್ಲಿ ಕಾಲೋನಿಯವರಿಗೆ ಪೇಪರ್ ಲೋಟ, ಮಿಕ್ಕವರಿಗೆ ಗಾಜಿನ ಲೋಟ. ಗೈಡಣ್ಣ ಕಾಲೋನಿಯಲ್ಲೇ ಹುಟ್ಟಿ ಬೆಳೆದವರು. ಯಾಕಪ್ಪ ಹೀಗೆ ಎಂದು ಕೇಳಿದ್ದಕ್ಕೆ ಅಂಗಡಿಯವನು, “ಹೈಜೀನು ಗೈಡಣ್ಣ” ಎಂದ. “ಹಂಗಾರೆ ಎಲ್ರಿಗೂ ಕೊಡಪ್ಪ ಹೈಜೀನು” ಎಂದು ಎದ್ದು ಬಂದರು. ಜಗಳವಾಡಲಿಲ್ಲ. ಮುಂದಿನ ತಿಂಗಳ ಎರಡನೆಯ ಭಾನುವಾರ ಸಮುದಾಯ ಭವನದಲ್ಲಿ ಜಮಖಾನ ಹಾಸಿ, ಎಲ್ಲ ಕೇರಿಯವರನ್ನೂ ಕರೆದರು. ಒಬ್ಬೊಬ್ಬರೂ ಮನೆಯಿಂದ ಒಂದೊಂದು ಲೋಟ ತರಬೇಕು. ಲೋಟಗಳನ್ನು ನಡುವೆ ಇಟ್ಟು ಟೀ ಹುಯ್ಯುತ್ತಾರೆ. ಆಮೇಲೆ ತನ್ನದೊಂದನ್ನು ಬಿಟ್ಟು ಯಾವುದನ್ನಾದರೂ ಎತ್ತಿಕೊಂಡು ಕುಡಿಯಬೇಕು. ಊರವರು ‘ಲೋಟದ ಸಭೆ’ ಎಂದು ಹಾಸ್ಯ ಮಾಡಿದರು. ಹಾಸ್ಯ ಮಾಡಿದವರಲ್ಲಿ ಅರ್ಧ ಜನ ನೋಡೋಣವೆಂದೇ ಬಂದರು.

ನಾನು ಒಯ್ದದ್ದು ಅತ್ತೆಯವರ ಹೆಸರು ಕೊರೆದ ಲೋಟ. ಅದು ತಮಟೆ ಬಾರಿಸುವ ಮುದುಕರೊಬ್ಬರ ಕೈಗೆ ಹೋಯಿತು. ನನಗೆ ಸಿಕ್ಕಿದ್ದು ನೆಗ್ಗಿದ ಅಲ್ಯೂಮಿನಿಯಂ ಲೋಟ. ಇಕ್ವಾಲಿಟಿ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ, ಆದರೂ ಆ ಲೋಟ ತುಟಿಗೆ ಮುಟ್ಟಿಸಲು ಕಣ್ಣು ಮುಚ್ಚಬೇಕಾಯಿತು. ಗೈಡಣ್ಣ ನೋಡಿಯೇ ಬಿಟ್ಟರು. “ಸಕ್ಕರೆ ಕಮ್ಮಿ ಆಯ್ತಾ ಟೀಚರಮ್ಮ?” ಎಂದರು, ಅಷ್ಟೆ.

ಅವರದು ಇನ್ನೂ ಎರಡು ಕಟ್ಟುಪಾಡು. ಒಬ್ಬರ ಮಾತಿಗೆ ಉತ್ತರ ಕೊಡುವ ಮೊದಲು ಆ ಮಾತನ್ನು ತಾನು ಹೇಳಿ ತೋರಿಸಬೇಕು. ಅವರು ‘ಹೂಂ, ಅದೇ’ ಎಂದ ಮೇಲೆಯೇ ತನ್ನ ಮಾತು. ಗೈಡ್ ಕೆಲಸದಿಂದ ಬಂದದ್ದು ಅದು, ಮೊದಲು ಬಂದವರ ಪ್ರಶ್ನೆ, ಆಮೇಲೆ ನಮ್ಮ ಕಥೆ. ಇನ್ನೊಂದು, ಯಾರ ಹೆಸರನ್ನೂ ಬರೆದುಕೊಳ್ಳುವ ಹಾಗಿಲ್ಲ. “ಪೆನ್ನು ಕಂಡ್ರೆ ಜನ ಬಾಯಿ ಬಿಡಲ್ಲ” ಎನ್ನುತ್ತಿದ್ದರು.

ಈ ಎರಡನೆಯದು ನನಗೆ ಒಗ್ಗಲೇ ಇಲ್ಲ. ಮಿನಿಟ್ಸ್ ಇಲ್ಲದ ಮೀಟಿಂಗ್ ಬರೀ ಹರಟೆ ಎಂದು ನಮ್ಮ ಮದರ್ ಸುಪೀರಿಯರ್ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು.

ಎರಡು ವರ್ಷದ ಹಿಂದಿನ ಒಂದು ಸಭೆಗೆ, ಅರೇಹಳ್ಳಿ ಕಡೆಯ ಕಾಫಿ ತೋಟಗಳಲ್ಲಿ ಕೆಲಸಕ್ಕಿದ್ದ, ಬಂಗಾಳಿ ಮನೆಮಾತಿನ ಅಸ್ಸಾಮಿನ ಹನ್ನೊಂದು ಜನ ಬಂದರು. ಅವರಲ್ಲಿ ಕೈಗೂಸಿನ ಒಬ್ಬ ತಾಯಿಯಿದ್ದಳು. ಆಕೆ ಬಂಗಾಳಿಯಲ್ಲಿ ಹೇಳಿದ್ದನ್ನು ಗೈಡಣ್ಣ ಕನ್ನಡಕ್ಕೆ ತಿರುಗಿಸಿದರು. ಅಂಗಡಿಯಲ್ಲಿ ಇವಳ ಮುಖ ನೋಡುತ್ತಲೇ ಆಧಾರ್ ಕಾರ್ಡು ಕೇಳುತ್ತಾರಂತೆ, ಉಪ್ಪು ಕೊಳ್ಳಬೇಕಾದರೂ. ಹುಲಿಕೆರೆಯ ರೈತರೊಬ್ಬರು ಸಿಟ್ಟಿನಿಂದ, “ನಮ್ಮೋರ ಕೂಲಿಗೆ ಕಲ್ಲು ಹಾಕಾಕೆ ಬಂದವ್ರೆ ಇವ್ರು” ಎಂದು ಎದ್ದರು.

“ಮೊದ್ಲು ಆಯಮ್ಮನ ಮಾತು ಹೇಳಪ್ಪ” ಎಂದರು ಗೈಡಣ್ಣ.

“ಅದೇ, ಉಪ್ಪು ತಗಳಾಕೂ ಆಧಾರ್ ಕೇಳ್ತಾರಂತೆ.” ಹೇಳುತ್ತ ಹೇಳುತ್ತಲೇ ರೈತರ ದನಿ ಇಳಿಯಿತು. “ಉಪ್ಪಿಗಾ? ಥೂ!”

ನನಗೆ ಹುರುಪು ಬಂತು. ತಾಲ್ಲೂಕು ಆಫೀಸಿಗೆ ಸರಿಯಾದ ಒಂದು ಪಿಟಿಷನ್ ಕೊಟ್ಟರೆ ಇವರಿಗೆ ನ್ಯಾಯ ಸಿಕ್ಕೀತು ಎನ್ನಿಸಿತು. ಟೀ ಕುಡಿಯುವ ಹೊತ್ತಿನಲ್ಲಿ ಗೈಡಣ್ಣನ ಕಣ್ಣು ತಪ್ಪಿಸಿ ಹನ್ನೊಂದು ಜನರ ಹೆಸರು, ಊರು, ಈಗಿರುವ ತೋಟದ ಲೈನ್ ಮನೆಯ ಗುರುತು ಎಲ್ಲವನ್ನೂ ಅವರಲ್ಲಿ ಹಿಂದಿ ಬಲ್ಲ ಒಬ್ಬನಿಂದ ಕೇಳಿ ಬರೆದುಕೊಂಡೆ. ಮನೆಗೆ ಬಂದು ಚೆಂದದ ಕರ್ಸಿವ್‌ನಲ್ಲಿ ಆ ಲಿಸ್ಟನ್ನು ಫೇರ್ ಕಾಪಿ ಮಾಡಿದೆ, ಪಿಟಿಷನ್ನಿಗೆ ಲಗತ್ತಿಸಲು. ಮರುದಿನ ಬೇಲೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟು, ಬಿಸಿಲೆಂದು ಹೊರಗೆ ನೆರಳಲ್ಲಿ ಕೂತೆ. ಅಷ್ಟು ಹೊತ್ತೂ ಹಾಳೆ ಅಂಗಡಿಯವರ ಕೈಯಲ್ಲಿತ್ತು.

ಮೂರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯವಳು ಫೋನ್ ತಂದು ಹಿಡಿದಳು. “ಆಂಟಿ, ಇದು ನಿಮ್ ಬರವಣಿಗೆ ಥರಾನೇ ಐತಲ್ಲ?” ಥರ ಏನು, ನನ್ನದೇ ಹಾಳೆಯ ಫೋಟೊ, ವಾಟ್ಸಾಪಿನಲ್ಲಿ. ಮೇಲೆ ಯಾರೋ ಕೆಂಪು ಅಕ್ಷರದಲ್ಲಿ ‘ಬಾಂಗ್ಲಾದಿಂದ ನುಸುಳಿದವರ ಲಿಸ್ಟ್’ ಎಂದು ಸೇರಿಸಿದ್ದರು. ಕೆಳಗೆ, ಇವತ್ತು ಮಧ್ಯಾಹ್ನ ಹೋಗಿ ವಿಚಾರಿಸೋಣ ಎಂದಿತ್ತು.

ಗೈಡಣ್ಣನ ಮನೆ ತಲುಪಿ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಚಪ್ಪಲಿ ಮೆಟ್ಟಿಕೊಂಡು, “ಆ ಹಾಳೆ ಎತ್ಕಳಿ, ಪೆನ್ನೂ ತಗಳಿ. ನಡೀರಿ, ಬಸ್ಸು ತಪ್ತದೆ” ಎಂದರು. ಬೇಲೂರಿನಲ್ಲಿ ಬಸ್ಸು ಬದಲಿಸಿ ಅರೇಹಳ್ಳಿ ಮುಟ್ಟುವವರೆಗೂ ಅವರು ಹಿಂದಿನ ಕಿಟಕಿಯಿಂದ ರಸ್ತೆ ನೋಡುತ್ತಿದ್ದರು. ಬೈಕಿನ ಸದ್ದು ಕೇಳಿದಾಗಲೆಲ್ಲ ನಾನು ಸೆರಗು ಹಿಂಡುತ್ತಿದ್ದೆ.

ನಾವು ಹೋಗುವಷ್ಟರಲ್ಲಿ ಸುದ್ದಿ ಕೇಳಿ ಲೈನ್ ಮನೆಗಳಿಂದ ಎಂಟು ಜನ ಹೊರಟುಹೋಗಿದ್ದರು. ಕೂಸಿನ ತಾಯಿ, ಅವಳ ಗಂಡ, ಮೈದುನ, ಮೂವರೇ ಉಳಿದಿದ್ದರು. ಪಾತ್ರೆಗಳನ್ನು ಸೀರೆಯಲ್ಲಿ ಕಟ್ಟುತ್ತಿದ್ದವಳು ನನ್ನನ್ನು ಕಂಡು ನಕ್ಕಳು. ನಾನು ಸಹಾಯಕ್ಕೆ ಬಂದೆನೆಂದುಕೊಂಡಳು. ಅವಳ ಹೆಸರನ್ನು ಬರೆದ ಕೈ ಇದೇ ಎಂದು ಅವಳಿಗೆ ಗೊತ್ತಿರಲಿಲ್ಲ. ಗೈಡಣ್ಣ ಬಾಗಿಲಿಗೆ ಅಡ್ಡವಾಗಿ ಮೆಟ್ಟಿಲ ಮೇಲೆ ಕೂತರು. ನಾನು ಪಕ್ಕದಲ್ಲಿ.

ಮೂರು ಬೈಕುಗಳಲ್ಲಿ ಐದು ಜನ ಬಂದರು.

“ಏನ್ ಗೈಡಣ್ಣ, ಇವ್ರಿಗೂ ಗುಡಿ ತೋರಿಸ್ತೀಯಾ?” ಎಂದ ಒಬ್ಬ.

“ಬಾರಪ್ಪ, ಕೂತ್ಕ. ಆಯಮ್ಮ ಎರಡು ಮಾತು ಹೇಳ್ತಾಳೆ. ನೀನು ಅದನ್ನ ವಾಪಸ್ ಹೇಳು ಸಾಕು. ಆಮೇಲೆ ನಿಂದು.”

“ನಿನ್ ಲೋಟದ ಆಟ ಎಲ್ಲ ಬ್ಯಾಡ. ಲಿಸ್ಟ್ ಐತೆ ನಮ್ತಾವ.”

ಹಿಂದೆ ನಿಂತಿದ್ದವನೊಬ್ಬ ತಲೆ ಬಗ್ಗಿಸಿ ಫೋನು ನೋಡಿದ, ನನ್ನನ್ನು ನೋಡಿದ. ನನ್ನ ಹಳೆಯ ಸ್ಟೂಡೆಂಟ್. ಅವನ ಕಾಂಪೊಸಿಷನ್ ಪುಸ್ತಕದ ತುಂಬ ನಾನು ಕೆಂಪು ಇಂಕಿನಲ್ಲಿ ತಿದ್ದಿದ್ದೆ. “ಟೀಚರ್, ಇದು ನಿಮ್ಮ ಹ್ಯಾಂಡ್‌ರೈಟಿಂಗ್ ಅಲ್ವಾ?”

ಅಲ್ಲ ಎಂದುಬಿಡಬಹುದಿತ್ತು. ಗಾಡ್ ಫರ್ಗಿವ್ ಮಿ, ಒಂದು ಕ್ಷಣ ಹಾಗೆನ್ನಿಸಿತು. ಗೈಡಣ್ಣ ನನ್ನ ಕಡೆ ತಿರುಗಲೇ ಇಲ್ಲ.

“ಹೌದು ಕಣೋ, ನಾನೇ ಬರೆದದ್ದು. ನಮ್ಮ ಸಭೆಯ ಅಟೆಂಡೆನ್ಸ್ ಅದು. ಬಾಂಗ್ಲಾ ಅಂತ ನಾನು ಬರೆದಿಲ್ಲ. ಅದನ್ನ ಸೇರಿಸಿದವರು ಬೇರೆ.”

ಮೊದಲು ಮಾತಾಡಿದವನು ನಕ್ಕ. “ಅಟೆಂಡೆನ್ಸ್ ಆದ್ರೆ ನಿಮ್ ಹೆಸ್ರು ಎಲ್ಲೈತೆ?”

ಅವತ್ತು ಸಭೆಯಲ್ಲಿ ನಲವತ್ತು ಜನರಿದ್ದೆವು. ನಾನು ಬರೆದದ್ದು ಹನ್ನೊಂದೇ ಹೆಸರು.

“ಸರಿಯಾದ್ದೇ ಕೇಳ್ದೆ ಕಣಪ್ಪ” ಎಂದರು ಗೈಡಣ್ಣ. ಹಾಳೆಯನ್ನು ನನ್ನ ತೊಡೆಯ ಮೇಲೆ ಬಿಡಿಸಿ ಇಟ್ಟರು. ನಾನು ಎಲ್ಲಕ್ಕಿಂತ ಮೇಲೆ ನನ್ನ ಹೆಸರು, ಊರು, ಮನೆಯ ಗುರುತು ಬರೆದೆ. ಅಕ್ಷರ ಸೊಟ್ಟಗಾಯಿತು. ಅವರೂ ಬರೆದು ಪೆನ್ನನ್ನು ಹುಡುಗರ ಕಡೆ ಚಾಚಿದರು. “ನೀವೂ ಬಂದವ್ರೇ ಅಲ್ವಾ? ಬರೀರಿ. ಯಾರ್ ಮಗ, ಯಾವೂರು, ಎಲ್ಲಾ.”

“ನಮ್ ಹೆಸ್ರು ಯಾಕೆ?”

“ಯಾಕೆ, ಭಯ ಆಯ್ತದಾ?”

ಯಾರೂ ಪೆನ್ನು ಮುಟ್ಟಲಿಲ್ಲ. ನನ್ನ ಸ್ಟೂಡೆಂಟ್ ಮೊದಲು ಬೈಕು ಹತ್ತಿದ. “ಟೀಚರ್ ಮುಖ ನೋಡಿ ಹೋಗ್ತಾ ಇದೀವಿ. ನಾಳೆ ಬತ್ತೀವಿ” ಎಂದ ಇನ್ನೊಬ್ಬ.

ಆ ‘ನಾಳೆ’ಗೆ ಕಾಯುವ ಧೈರ್ಯ ಆ ಮೂವರಿಗೆ ಇರಲಿಲ್ಲ. ಇರಿ ಎನ್ನುವ ಧೈರ್ಯ ನಮಗೂ ಇರಲಿಲ್ಲ. ಅಂದೇ ಸಂಜೆ ಅರಸೀಕೆರೆ ಸ್ಟೇಷನ್ನಿಗೆ ಕರೆದುಕೊಂಡು ಬಂದೆವು. ಪ್ಲಾಟ್‌ಫಾರ್ಮಿನ ಮೇಲೆ ಆಕೆಗೆ ನಾನೇ ಬರೆದದ್ದು ಎಂದು ಹೇಳಿದೆ. ಗೈಡಣ್ಣ ಅದನ್ನು ಬಂಗಾಳಿಗೆ ತಿರುಗಿಸಿದರು, ಒಂದು ಮಾತನ್ನೂ ಮೆತ್ತಗೆ ಮಾಡದೆ. ಆಕೆ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. ಊರು ಮುಟ್ಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡಬೇಕು ಎಂದು ಗೈಡಣ್ಣ ಮೂರು ಸಲ ಹೇಳಿದರು. ರೈಲು ಹೊರಟಿತು. ಗೈಡಣ್ಣ ಅವರ ಕಿಟಕಿಗೆ ಮುಖ ಮಾಡಿಕೊಂಡು, ಜೊತೆಜೊತೆಗೇ ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತ ಹೋದರು, ಪ್ಲಾಟ್‌ಫಾರ್ಮ್ ಮುಗಿಯುವವರೆಗೂ.

ಆ ಫೋನಿಗಾಗಿ ಐದು ದಿನ ಕಾದೆವು. ಆರನೆಯ ದಿನ ಗೈಡಣ್ಣ ಬಂದು, ಒಂದೇ ಒಂದು ಸಲ ಬಡಿದು ನಿಂತ ಆ ನಂಬರನ್ನು ತೋರಿಸಿದರು. “ಮುಟ್ಟವ್ರೆ ಅಂತ ಅಷ್ಟೇ ಟೀಚರಮ್ಮ. ಚೆನ್ನಾಗವ್ರೆ ಅಂತ ಅಲ್ಲ.” ಹೊರಡುವಾಗ ಗೇಟಿನ ಬಳಿ ನಿಂತು, “ಬರೀಲೇಬೇಕು ಅನ್ಸಿದ್ರೆ ನಿಮ್ ಹೆಸ್ರು ಬರ್ಕಳಿ. ಅದು ನಿಮ್ದು” ಎಂದರು. ಆ ವಿಷಯದಲ್ಲಿ ಅವರು ನನಗೆ ಹೇಳಿದ ಕಟುಮಾತು ಅದೊಂದೇ. ನನ್ನ ತಪ್ಪನ್ನು ಊರಿನಲ್ಲಿ ಯಾರ ಮುಂದೆಯೂ ಆಡಲಿಲ್ಲ.

ಹೋದ ಮಳೆಗಾಲದಲ್ಲಿ ಜ್ವರವೆಂದು ಮಲಗಿದ ಗೈಡಣ್ಣ ಮತ್ತೆ ಏಳಲಿಲ್ಲ. ನೋಡಲು ಹೋದಾಗ ಕೇಳಿದ್ದು, “ಆ ಕೂಸು ನಡೀತಾ ಇರಬೇಕು ಈಗ, ಅಲ್ವಾ?” ಎಂದು. ಇರಬೇಕು ಎಂದೆ. ನನಗೇನು ಗೊತ್ತು?

ಎರಡನೆಯ ಭಾನುವಾರದ ಸಭೆ ನಿಂತಿಲ್ಲ. ಜಮಖಾನ ಹಾಸುವುದು ಈಗ ನನ್ನ ಕೆಲಸ. ಹೊರಗೆ ಬೈಕು ನಿಂತ ಸದ್ದಾದರೆ ಇವತ್ತಿಗೂ ಎದ್ದು ಬಾಗಿಲಿಗೆ ಹೋಗಿ ನೋಡುತ್ತೇನೆ. ಹೊಸದಾಗಿ ಬಂದವರು ಬಾಗಿಲಲ್ಲೇ ನಿಂತು, ಹೆಸರು ಬರೆದುಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಇಲ್ಲಪ್ಪ, ಬನ್ನಿ, ಲೋಟ ಇಡಿ ಎನ್ನುತ್ತೇನೆ. ಎಲ್ಲರೂ ಕೂತ ಮೇಲೆ ನೋಟ್‌ಬುಕ್ ತೆಗೆದು ತಾರೀಖು ಹಾಕಿ, ಅದರ ಕೆಳಗೆ ಒಂದೇ ಹೆಸರು ಬರೆಯುತ್ತೇನೆ. ನನ್ನದು.