ಗಂಗವ್ವನ ಮೊಣಕೈ

ಬ್ಯಾಡಗಿಯ ಅಂಗಡಿಯೊಂದರ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಮುದುಕಿ, ಅಂಗಡಿಯವರು ನನ್ನ ಹೆಸರು ಹೇಳಿದ್ದೇ ತಡ, ಕೈ ನಿಲ್ಲಿಸಿದಳು.

"ನಿಮ್ಮ ಕಾದಂಬರ್ಯಾಗಿನ ಗಂಗವ್ವ ಅಂದ್ರ ನಮ್ಮವ್ವನ ರೀ. ಮೊಮ್ಮಗಳು ಓದಿ ಹೇಳ್ಯಾಳ. ಆಕಿನ್ನ ಎಲ್ಲಿ ನೋಡಿದ್ರಿ?"

ನಾನು ಎಲ್ಲಿಯೂ ನೋಡಿರಲಿಲ್ಲ. ನನ್ನ ಅತ್ತೆಯ ಮಾತು, ಗುತ್ತಲದ ಬಸ್ಸಿನಲ್ಲಿ ಕಂಡ ಯಾರದೋ ನಗು, ಉಳಿದದ್ದೆಲ್ಲ ಊಹೆ. ಹೀಗೆ ಕೂಡಿಸಿದ ಹೆಂಗಸು ಗಂಗವ್ವ. ಅದನ್ನು ಹೇಳಬೇಕೆನ್ನುವಷ್ಟರಲ್ಲಿ ಮುದುಕಿ, ಅವ್ವನದೊಂದು ಫೋಟೋ ಕೂಡ ಇಲ್ಲ, ಮುಖವೇ ಮರೆತುಹೋಗಿದೆ ಎಂದಳು. ಬಿಸಿಲಿನಲ್ಲಿ ಕೆಂಪು ಧೂಳು ತೇಲುತ್ತಿತ್ತು. ನಾನು ಅವಳ ಎದುರಿಗೆ ಕೂತೆ.

"ಆದ್ರ ಒಂದು ತಪ್ಪು ಬರದೀರಿ. ಕೆಲಸ ಬಿಟ್ಟೆದ್ದು ಖಾರದ ಕೈಲೆನ ಕೂಸಿನ್ನ ಎತ್ತಿಕೊಂಡ್ಲು ಅಂತ. ಹಂಗ ಎತ್ತಿದ್ರ ಕೂಸು ಸುಮ್ನಿರತೈತೇನ್ರಿ? ಊರೆಲ್ಲಾ ಕೂಡೂ ಹಂಗ ಅಳತೈತಿ!"

ಸುತ್ತಲಿನವರೆಲ್ಲ ನಕ್ಕರು. ಮುದುಕಿ ಅಂಗೈಗಳನ್ನು ಮೈಯಿಂದ ದೂರ ಹಿಡಿದು, ಎರಡೂ ಮೊಣಕೈಗಳ ನಡುವೆ ಇಲ್ಲದ ಕೂಸನ್ನು ಎತ್ತಿ, ಅದರ ನೆತ್ತಿಗೆ ಗಲ್ಲ ತಾಗಿಸಿ ತೋರಿಸಿದಳು. ಹಾಗೆಯೇ ಕೂತುಬಿಟ್ಟಳು. ನಗು ನಿಂತಿತು.

"ಈಗ ಮುಖ ಕಾಣಾಕತ್ತೈತ್ರಿ," ಎಂದಳು ಮೆಲ್ಲಗೆ.

ಎರಡನೆಯ ಮುದ್ರಣದಲ್ಲಿ ಆ ಸಾಲನ್ನು ತಿದ್ದಿದ್ದೇನೆ. ಎಳೆಯನಿದ್ದಾಗ ನನ್ನ ಬೆನ್ನಿಗೂ ಎರಡು ಮೊಣಕೈ ಒತ್ತಿದ್ದು ಈಚೆಗೆ ನೆನಪಾಗುತ್ತದೆ, ನೆತ್ತಿಯ ಮೇಲೆ ಗಲ್ಲದ ಭಾರ ಕೂಡ. ಆದರೆ ನಮ್ಮ ಮನೆಯಿಂದ ಮೆಣಸಿನಕಾಯಿ ತೊಟ್ಟು ಬಿಡಿಸಲು ಯಾರೂ ಎಂದೂ ಹೋದವರಲ್ಲ.