ಕತ್ರಿಗುಪ್ಪೆಯಿಂದ ಸಾರಕ್ಕಿಗೆ ಒಂದು ಕಠಾರಿ

ಬೆಳಿಗ್ಗೆ ಒಂಬತ್ತೂವರೆಗೆ ಕತ್ರಿಗುಪ್ಪೆಯಲ್ಲಿ ಬಸ್ಸು ಹತ್ತಿದೆ. ಬನಶಂಕರಿಯಲ್ಲಿ ಮೆಟ್ರೋ ಹಿಡಿದಿದ್ದರೆ ಬೇಗ ತಲುಪುತ್ತಿದ್ದೆ. ಆದರೆ ಚೀಲದಲ್ಲಿ, ಟವೆಲಿನಲ್ಲಿ ಸುತ್ತಿದ ಕಠಾರಿಯಿತ್ತು. ಮೆಟ್ರೋದವರು ಒಳಗೆ ಬಿಡುವುದಿಲ್ಲ. ಸಾರಕ್ಕಿಗೆ ಟಿಕೆಟ್ ಹದಿನೆಂಟು ರೂಪಾಯಿ. ಹಿಂದಿನ ದಿನ ಮಳೆ ಬಂದು ಹೋಗಿತ್ತು, ಬಿಸಿಲು ಹಿತವಾಗಿತ್ತು.

ಕಠಾರಿ ನನ್ನ ಹೆಂಡತಿ ಸರೋಜಳದು. ಅವಳು ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ಒಂದೇ ಕೋಣೆಯಲ್ಲಿದ್ದ ಫಿಲಿಪೈನ್ಸಿನ ಗೆಳತಿ, ಸರೋಜ ಊರಿಗೆ ಹೊರಡುವ ದಿನ ಕೊಟ್ಟದ್ದು. "ಅವಳ ಮುತ್ತಜ್ಜಿ ಸೊಂಟಕ್ಕೆ ಸಿಕ್ಕಿಸ್ಕೋತಿದ್ರಂತೆ ರೀ" ಎಂದಾಗ ನಾನು ನಕ್ಕಿದ್ದೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು ನಾನು. "ಲಾರಿ ಸ್ಪ್ರಿಂಗ್ ಪಟ್ಟಿ ಕಣೇ ಇದು. ಟೂರಿಸ್ಟ್‌ಗಳಿಗೆ ಮಾರೋದು" ಎಂದಿದ್ದೆ. ಪ್ರತಿ ಆಯುಧಪೂಜೆಗೂ ಅಲಗಿನ ಮೇಲಿನ ಕಲೆಯನ್ನು ಎಮರಿ ಕಾಗದದಿಂದ ಉಜ್ಜಿ ಹೊಳಪು ಬರಿಸುತ್ತಿದ್ದೆ. ಪ್ರತಿ ಸಲವೂ ಜಗಳ. ಏಳು ತಿಂಗಳ ಹಿಂದೆ ಅವಳು ತೀರಿಕೊಂಡಳು, ಜಗಳ ತೀರಲಿಲ್ಲ. ಸೂತಕದ ವರ್ಷವಾದ್ದರಿಂದ ಈ ಸಲ ಮನೆಯಲ್ಲಿ ಹಬ್ಬವಿಲ್ಲ, ಉಜ್ಜುವ ನೆಪವೂ ಇಲ್ಲ. ಯಾರು ಸರಿ ಎಂದು ತಿಳಿಯುವ ಆಸೆ ಇತ್ತು. ಅವಳೇ ಸರಿಯಾಗಲಿ ಎಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ಸಾರಕ್ಕಿ ಸಿಗ್ನಲ್ಲಿನಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತು. ಇಳಿದು, ಎರಡು ಇಡ್ಲಿ ತಿಂದು, ಹೂವಿನವಳನ್ನು ಕೇಳಿಕೊಂಡು ಮುನಿರಾಜಪ್ಪನವರ ಮನೆ ಸೇರಿದೆ. ಅವರ ತಂದೆಯ ಕಾಲಕ್ಕೆ ಅಲ್ಲಿ ರಾಗಿ ಹೊಲವಿತ್ತಂತೆ. ಈಗ ಮೇಲಿನ ಮೂರು ಮಹಡಿ ಬಾಡಿಗೆಗಿದೆ. ಕೆಳಗಿನ ಶೆಡ್ಡಿನಲ್ಲಿ ಅವರು ಹಳೆಯ ಕತ್ತಿ, ಕಠಾರಿ ರಿಪೇರಿ ಮಾಡುತ್ತಾರೆ. ಸಂಗ್ರಹ ಮಾಡುವವರು ಹೊರದೇಶದವನ್ನೂ ತಂದುಕೊಡುತ್ತಾರೆ.

ಟವೆಲು ಬಿಚ್ಚಿದ ಕೂಡಲೇ ಅವರು "ಗುನೊಂಗ್" ಎಂದರು. ಸರೋಜ ಹೇಳುತ್ತಿದ್ದ ಹೆಸರೂ ಅದೇ.

"ಫಿಲಿಪೈನ್ಸಿನ ಮಿಂಡನಾವೊ ದ್ವೀಪದ ಕಡೇದು ಸಾರ್. ಅಲ್ಲಿ ಹೆಂಗಸ್ರೂ ಸೊಂಟದಲ್ಲಿ ಇಟ್ಕೋತಿದ್ರು." ಅಲಗನ್ನು ಬೆಳಕಿಗೆ ಹಿಡಿದರು. ಅವರ ಮುಖ ಗಂಟಾಯಿತು. "ಯಾವ್ ಕತ್ತೆ ಇದಕ್ಕೆ ಎಮರಿ ಹಾಕಿದ್ದು?"

"ನಾನೇ."

"ಕೂತ್ಕೊಳಿ, ಕಾಫಿ ತರಿಸ್ತೀನಿ."

ಗುರುತೆಲ್ಲ ನಾನೇ ಅಳಿಸಿಬಿಟ್ಟೆನೇನೋ ಎಂದು ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

ಅವರು ಹಿಡಿಯನ್ನು ಬಿಸಿಗಾಳಿಯಲ್ಲಿ ಬೆಚ್ಚಗೆ ಮಾಡಿ ಮೆಲ್ಲಗೆ ಎಳೆದರು. ಒಳಗಿದ್ದ ಮರದ ಅಂಟು ಕಪ್ಪಗಾಗಿ ಪುಡಿಯಾಗಿತ್ತು. ಹಿಡಿಯ ಬೆಳ್ಳಿ ಪಟ್ಟಿಯ ಒಳಮೈಯಲ್ಲಿ ಸುತ್ತಿಗೆ ಗುರುತುಗಳಿದ್ದವು. "ಕೈಯಲ್ಲೇ ಬಡಿದಿರೋದು. ಟೂರಿಸ್ಟ್ ಮಾಲು ಹಿಂಗಿರಲ್ಲ." ನನ್ನ ಸ್ಪ್ರಿಂಗ್ ಪಟ್ಟಿಯ ವಾದ ಹೇಳಿದೆ. ಅವರು ಅಲಗನ್ನು ಸೋಪಿನಲ್ಲಿ ತೊಳೆದು ನಿಂಬೆರಸ ಸವರಿದರು. "ಸ್ಪ್ರಿಂಗ್ ಪಟ್ಟಿ ಆಗಿದ್ರೆ ಒಂದೇ ಸಮ ಕಪ್ಪಾಗ್ಬೇಕು, ನೋಡೋಣ."

ಕಾದೆವು. ಕಾಫಿ ತಣ್ಣಗಾಯಿತು. ಬೂದು ಗೆರೆಗಳು ಒಂದೊಂದಾಗಿ ಎದ್ದವು, ಹಲಸಿನ ಹಲಗೆಯ ಎಳೆಗಳ ಹಾಗೆ.

"ಎರಡು ಥರ ಕಬ್ಬಿಣ ಮಡಚಿ ಮಡಚಿ ಬಡಿದಿದಾರೆ. ನೀವು ಕಲೆ ಅಂದ್ಕೊಂಡಿದ್ದು ಕಲೆನೇ ಸಾರ್."

ಏಳು ತಿಂಗಳಲ್ಲಿ ಮೊದಲ ಸಲ ಜೋರಾಗಿ ನಕ್ಕೆ. ಎಷ್ಟು ವರ್ಷದ್ದು ಎಂದು ಕೇಳಿದೆ.

"ನೂರರ ಹತ್ರ ಇರ್ಬೋದು. ಇಸವಿ ಹೇಳು ಅಂದ್ರೆ ಹೇಳಲ್ಲ, ಸುಳ್ಳಾಗುತ್ತೆ."

ಗೆಳತಿಯ ಮುತ್ತಜ್ಜಿಯ ಕಾಲಕ್ಕೆ ಅಷ್ಟು ಸಾಕು.

ಅರಗು ಕರಗಿಸಿ ಹಿಡಿ ಕೂರಿಸಿದರು. ಮುಂದೆ ಯಾರಾದರೂ ಬಿಚ್ಚುವುದಾದರೆ ಬಿಸಿ ಮಾಡಿದರೆ ಸಾಕಂತೆ. ಹುಳಿ ಉಳಿಯದಂತೆ ಅಲಗನ್ನು ಸೋಡಾ ನೀರಿನಲ್ಲಿ ತೊಳೆದು, ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿದರು. "ಇನ್ನೊಂದ್ಸಲ ಎಮರಿ ಮುಟ್ಟಿದ್ರೆ ಈ ಕಡೆ ಬರ್ಬೇಡಿ" ಎಂದು ಕೊಟ್ಟರು.

ಮೂರು ಗಂಟೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ಸೊಪ್ಪಿನ ಚೀಲ ಹಿಡಿದವರೊಬ್ಬರು ಕೂತಿದ್ದರು.

"ಏನ್ ಸಾರ್, ಒಬ್ಬರೇ ನಗ್ತಿದೀರ?"

"ಹೆಂಡ್ತಿ ಜೊತೆ ವಾದದಲ್ಲಿ ಸೋತೆ. ಅವಳು ಹೇಳಿದ್ದೇ ನಿಜ ಅಂತ ಇವತ್ತು ಗೊತ್ತಾಯ್ತು."

"ಮುಗೀತು ಬಿಡಿ. ಇನ್ನು ದಿನಾ ಅದನ್ನೇ ಹೇಳ್ತಾರೆ."

"ಹೇಳ್ಲಿ ಸಾರ್," ಎಂದೆ.