ಚಾಚಿ ಕಂಡ ಕಾಪು ದೀಪಸ್ತಂಭ

ಹನ್ನೊಂದು ವರ್ಷದಿಂದ ನಾನು ಬನಾರಸಿನಲ್ಲಿ ಮೇಷ್ಟ್ರು. ಭೇಲೂಪುರದಲ್ಲಿ ಬಾಡಿಗೆ ಮನೆ. ಕೆಳಗಿನ ಮನೆಯಲ್ಲಿರುವ ಒಡತಿಯನ್ನು ಎಲ್ಲರಂತೆ ನಾವೂ ಚಾಚಿ, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ. ಸಂಜೆ ಚಹಾದ ಹೊತ್ತಿಗೆ ಅವರು ಗಂಗೆಯನ್ನು ಹೊಗಳಲು ಶುರು ಮಾಡಿದರೆ ನನಗೂ ಏನಾದರೂ ಹೇಳಬೇಕೆನಿಸುತ್ತಿತ್ತು. ಹಾಗೆ ಒಂದು ದಿನ ನಮ್ಮೂರು ಕಾಪುವಿನ ಸಮುದ್ರ, ಬಂಡೆಯ ಮೇಲಿನ ನೂರು ವರ್ಷಕ್ಕೂ ಹಳೆಯ ದೀಪಸ್ತಂಭ, ಹುಡುಗನಾಗಿದ್ದಾಗ ದಿನಾ ಅದನ್ನು ಓಡೋಡಿ ಹತ್ತುತ್ತಿದ್ದ ನಾನು, ಎಲ್ಲವನ್ನೂ ವರ್ಣಿಸಿದೆ. ಕೊನೆಯದೊಂದನ್ನು ಬಿಟ್ಟು ಉಳಿದದ್ದು ನಿಜ. ನಾನು ಹತ್ತಿದ್ದು ಒಂದೇ ಸಲ, ಅದೂ ಆರನೇ ಮೆಟ್ಟಿಲವರೆಗೆ. ಅಲ್ಲಿಂದ ಅಪ್ಪ ಎತ್ತಿಕೊಂಡು ಇಳಿದಿದ್ದರು.

ಹೋದ ಚಳಿಗಾಲ ಚಾಚಿ ಉಡುಪಿ, ಕೊಲ್ಲೂರು ನೋಡಲು ನಮ್ಮ ಜೊತೆ ಹೊರಟರು. ದೇವರ ದರ್ಶನ ಮುಗಿಯುತ್ತಲೇ, "ಪ್ರೊಫೆಸರ್ ಸಾಬ್, ಇನ್ನು ನಿಮ್ಮ ಲೈಟ್‌ಹೌಸ್" ಎಂದರು.

"ಮಂಡಿ ನೋವಲ್ವಾ ಚಾಚಿ?"

"ಅರೇ, ನೀವಿದ್ದೀರಲ್ಲ, ಕೈ ಹಿಡೀತೀರಿ."

"ಈಗಲಾದ್ರೂ ನಿಜ ಹೇಳ್ರೀ" ಎಂದು ಹೆಂಡತಿ ಕನ್ನಡದಲ್ಲಿ ಪಿಸುಗುಟ್ಟಿದಳು. ನಾನು ಟಿಕೆಟ್ ಕೊಳ್ಳಲು ಹೋದೆ.

ಒಳಗೆ ಸುರುಳಿ ಮೆಟ್ಟಿಲು. ಸೆರಗು ಸೊಂಟಕ್ಕೆ ಸಿಕ್ಕಿಸಿದ ಚಾಚಿ ಮುಂದೆ, ನಾನು ಹಿಂದೆ. ಅರ್ಧ ದಾರಿಯಲ್ಲಿ ಸಣ್ಣ ಕಿಟಕಿಯೊಂದರಿಂದ ಕೆಳಗೆ ಇಣುಕಿದ್ದೇ ತಪ್ಪಾಯಿತು. ಗೋಡೆಗೆ ಅಂಟಿಕೊಂಡು ಅಲ್ಲೇ ಕುಳಿತೆ.

"ಏನಾಯ್ತು ಸಾಬ್?" ಮೇಲಿನಿಂದ ಚಾಚಿಯ ದನಿ.

"ಶೂ ಲೇಸ್ ಬಿಚ್ಚಿದೆ, ನೀವು ನಡೀರಿ" ಎಂದೆ. ಕಾಲಲ್ಲಿದ್ದದ್ದು ಚಪ್ಪಲಿ.

ಹಿಂದಿದ್ದವರು ನನ್ನನ್ನು ದಾಟಿಕೊಂಡು ಹೋಗತೊಡಗಿದರು. ಕೊನೆಗೆ ಕಾವಲಿನವನೇ ಬಂದ. "ಕೂತ್ಕೊಂಡೇ ಇಳೀರಿ ಸರ್, ಒಂದೊಂದೇ ಮೆಟ್ಲು. ಎಲ್ಲಿಂದ ಬಂದದ್ದು ನೀವು?"

"ಕಾಶಿ."

"ಹಾಗಾ? ಪಾಪ, ನಿಮಗೆಲ್ಲ ಇದು ಅಭ್ಯಾಸ ಇಲ್ಲ ಮಾರಾಯ್ರೇ."

ಹುಟ್ಟಿದ್ದು ಇಲ್ಲೇ ಎನ್ನುವ ಧೈರ್ಯ ಬರಲಿಲ್ಲ. ಮಗುವಿನಂತೆ ಕುಂಡೆ ಊರಿಕೊಂಡು ಇಳಿದೆ.

ಸ್ವಲ್ಪ ಹೊತ್ತಿಗೆ ಚಾಚಿಯೂ ಇಳಿದು ಬಂದರು. "ಎಷ್ಟೊಂದು ನೀರು! ಆಚೆ ದಡ ಹುಡುಕಿ ಹುಡುಕಿ ಸಾಕಾಯ್ತು" ಎಂದರು. ಬಂಡೆಯ ಮೇಲೆ ಕೂತು ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅವರು ನಗಲಿಲ್ಲ. ಚುರುಮುರಿಯ ಪೊಟ್ಟಣ ನನ್ನ ಮುಂದೆ ಹಿಡಿದು, "ಹೆದರಿಕೆಯಾದ್ರೆ ನನ್ನನ್ನು ಕರೀಬೇಕಿತ್ತು" ಎಂದರು. ಅದು ನನಗೆ ಹೊಳೆದೇ ಇರಲಿಲ್ಲ.

ಮರಳಿದ ಮೇಲೆ ಚಾಚಿ ಗಲ್ಲಿಗೆಲ್ಲ ಸಮುದ್ರದ ಕಥೆ ಹೇಳಿದರು, ನನ್ನದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಆದರೆ ಈಗ ಮಂಗಗಳು ತಾರಸಿಯ ಬಟ್ಟೆಗೆ ಕೈ ಹಾಕಿದರೆ ಕೋಲು ಹಿಡಿದು ನನಗಿಂತ ಮುಂಚೆ ಅವರೇ ಮೇಲಕ್ಕೆ ಓಡುತ್ತಾರೆ. "ಸಾಬ್, ನೀವು ಕೆಳಗೇ ಇರಿ!"

ನಾನು ಇರುತ್ತೇನೆ.